ಪಾಠ ಮಾಡುವ ಮೊದಲು ಮಗುವಿನ ಲೆಕ್ಕ ಕೇಳಬೇಕು: ಬಿ.ಎಡ್. ಗಣಿತ ತಂಡದ ಜೊತೆ ನನ್ನ ಅನುಭವ

ಶಿವಮೊಗ್ಗದ ಒಂದು ಬಿ.ಎಡ್. ಕಾಲೇಜಿನಲ್ಲಿ ಗಣಿತ ಬೋಧನಾ ಪದ್ಧತಿ ಹೇಳಿಕೊಡುವುದು ನನ್ನ ಕೆಲಸ. ಮುಂದೆ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರನ್ನು ಶಾಲೆಗೆ ಕರೆದುಕೊಂಡು ಹೋಗಿ, ಏನು ನೋಡಬೇಕು, ಏನು ಮಾಡಬೇಕು ಅಂತ ಜೊತೆಗಿದ್ದು ತೋರಿಸುವುದೂ ಅದರಲ್ಲೇ ಸೇರಿದೆ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇದನ್ನು ನಾನು ಹೇಗೆ ಮಾಡಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಕೆಲಸದಲ್ಲಿರುವವರಿಗೂ, ಬಿ.ಎಡ್. ಓದುತ್ತಿರುವವರಿಗೂ ಉಪಯೋಗಕ್ಕೆ ಬರಲಿ ಅನ್ನೋದು ಆಸೆ.

ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಟಿಇಯ 2014ರ ನಿಯಮ ಬಂದ ಮೇಲೆ ಬಿ.ಎಡ್. ಎರಡು ವರ್ಷದ ಕೋರ್ಸ್ ಆಯಿತು. ಎರಡೂ ವರ್ಷ ಸೇರಿ ಕನಿಷ್ಠ 20 ವಾರ ಶಾಲೆಯ ಕೆಲಸ ಇರಬೇಕು. ಅದರಲ್ಲಿ 16 ವಾರ ಎರಡನೇ ವರ್ಷದ ಇಂಟರ್ನ್‌ಶಿಪ್. ಇದು ನಿಜಕ್ಕೂ ದೊಡ್ಡ ಅವಕಾಶ. ಆದರೆ ವಾರ ಜಾಸ್ತಿ ಆದ ಮಾತ್ರಕ್ಕೆ ಕಲಿಕೆ ಜಾಸ್ತಿ ಆಗುವುದಿಲ್ಲ. ಇಷ್ಟು ಪಾಠ ಯೋಜನೆ, ಇಷ್ಟು ಚಾರ್ಟ್, ಇಷ್ಟು ಸಹಿ ಅಂತ ಎಣಿಸುತ್ತಲೇ ಅಷ್ಟೂ ವಾರ ಕಳೆದುಬಿಡಬಹುದು. ನನಗೆ ಬೇಕಾದದ್ದು ಬೇರೆ. ಶಾಲೆಯಿಂದ ವಾಪಸ್ ಬರುವಾಗ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಗೂ ಒಂದಿಷ್ಟು ಮಕ್ಕಳು ಲೆಕ್ಕವನ್ನು ಹೇಗೆ ಯೋಚಿಸುತ್ತಾರೆ ಅನ್ನೋದು ಗೊತ್ತಿರಬೇಕು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ನಮ್ಮಲ್ಲಿಗೆ ಬರುವವರು ಬಿ.ಎಸ್ಸಿ. ಮುಗಿಸಿದವರು. ಕಲನಶಾಸ್ತ್ರ ಗೊತ್ತು, ಅವಕಲ ಸಮೀಕರಣ ಗೊತ್ತು. ಆದರೆ ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಯಾಕೆ ಆಗುತ್ತದೆ ಅಂತ ಕೇಳಿದರೆ ಕ್ಲಾಸ್ ಸುಮ್ಮನಾಗುತ್ತದೆ. "ಅದು ರೂಲ್ ಮೇಡಂ" ಅನ್ನುತ್ತಾರೆ. ಆಗ ಬೋರ್ಡಿನ ಮೇಲೆ 2 × (−2) = −4, 1 × (−2) = −2, 0 × (−2) = 0 ಅಂತ ಒಂದರ ಕೆಳಗೆ ಒಂದು ಬರೆಸುತ್ತೇನೆ. ಪ್ರತಿ ಸಾಲಿಗೂ ಉತ್ತರ ಎರಡೆರಡು ಏರುತ್ತಿದೆ. ಹಾಗಾದರೆ ಮುಂದಿನ ಸಾಲು (−1) × (−2) ಎಷ್ಟಾಗಬೇಕು? ಎರಡು ಅಂತ ಅವರೇ ಹೇಳುತ್ತಾರೆ. ಶಾಲೆಗೆ ಹೋಗುವ ಮೊದಲು ಇಂಥ ನಾಲ್ಕಾರು ವಿಷಯಗಳನ್ನು ಕಾಲೇಜಿನಲ್ಲೇ ಅಗೆದು ನೋಡುತ್ತೇವೆ.

ಸೂಕ್ಷ್ಮ ಬೋಧನೆಯನ್ನೂ, ಅಂದರೆ ಪುಟ್ಟ ಪಾಠ ಮಾಡಿ ತಿದ್ದಿಕೊಳ್ಳುವ ಅಭ್ಯಾಸವನ್ನೂ ಮಾಡಿಸುತ್ತೇವೆ. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು, ಮತ್ತೆ ಆರು, ಒಟ್ಟು 36 ನಿಮಿಷದ ಚಕ್ರ. ಬೋರ್ಡ್ ಬಳಸುವುದು, ಪ್ರಶ್ನೆ ಕೇಳುವುದು ಅಭ್ಯಾಸ ಆಗಲು ಅದು ಸಾಕು. ಆದರೆ ಅಲ್ಲಿ ಮಕ್ಕಳ ಜಾಗದಲ್ಲಿ ಕೂರುವವರು ಸಹಪಾಠಿಗಳು. ಅವರು ಮಕ್ಕಳು ಮಾಡುವ ತಪ್ಪನ್ನು ಮಾಡುವುದಿಲ್ಲ. ಗಣಿತ ಶಿಕ್ಷಕರಿಗೆ ನಿಜವಾದ ಕೆಲಸ ಶುರುವಾಗುವುದೇ ಆ ತಪ್ಪಿನಿಂದ ಅಲ್ವಾ?

ಅದಕ್ಕೇ ಮೊದಲ ವರ್ಷದ ಶಾಲಾ ವಾರಗಳಲ್ಲಿ ನಾನು ಯಾರಿಗೂ ಪಾಠ ಮಾಡಲು ಬಿಡುವುದಿಲ್ಲ. ವೀಕ್ಷಣೆ ಅಂದಕೂಡಲೇ ಎಲ್ಲರ ಕಣ್ಣೂ ಶಿಕ್ಷಕರ ಮೇಲೆ ಹೋಗುತ್ತದೆ. ಧ್ವನಿ ಚೆನ್ನಾಗಿತ್ತು, ಅಕ್ಷರ ದುಂಡಗಿತ್ತು ಅಂತ ಬರೆದು ತರುತ್ತಾರೆ. ನಾನು ಕೊಡುವ ಹಾಳೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಶಿಕ್ಷಕರು ಕೇಳಿದ ಪ್ರಶ್ನೆ ಏನು, ಮಗು ಹೇಳಿದ ಉತ್ತರ ಅದೇ ಮಾತಿನಲ್ಲಿ ಏನು, ನಡುವೆ ಎಷ್ಟು ಸೆಕೆಂಡ್ ಹೋಯಿತು, ಇಷ್ಟೇ. ಕೊನೇ ಬೆಂಚಿನಲ್ಲಿ ಕೂರುವುದೂ ಬೇಡ. ಮಕ್ಕಳ ನೋಟ್‌ಬುಕ್ ಕಾಣುವ ಹಾಗೆ ಪಕ್ಕದಲ್ಲಿ ಕೂರಬೇಕು.

ಸೆಕೆಂಡ್ ಎಣಿಸುವುದಕ್ಕೆ ಕಾರಣ ಇದೆ. ಅಮೆರಿಕದ ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ತೋರಿಸಿದ ವಿಷಯ ಇದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯುವುದೇ ಹೆಚ್ಚು. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ನಮ್ಮವರಿಗೆ ಇದನ್ನು ಓದಿ ಹೇಳಿದರೆ ತಲೆ ಆಡಿಸುತ್ತಾರೆ, ಅಷ್ಟೇ. ತಾವೇ ಕೂತು ಎಣಿಸಿದಾಗ ನಂಬುತ್ತಾರೆ. ಮುಂದೆ ಅವರು ಪಾಠ ಮಾಡುವಾಗ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುವುದು ನನಗೆ ದೂರದಿಂದಲೇ ಗೊತ್ತಾಗುತ್ತದೆ.

ಎರಡನೇ ಹಂತ ನೋಟ್‌ಬುಕ್ ಓದುವುದು. ಹೆಡ್‌ಮಾಸ್ತರರ ಒಪ್ಪಿಗೆ ಪಡೆದು, ಮಕ್ಕಳ ಹೆಸರು ಎಲ್ಲೂ ಬರೆದುಕೊಳ್ಳದೆ, ತಪ್ಪುಗಳನ್ನು ಮಾತ್ರ ಎತ್ತಿಕೊಳ್ಳುತ್ತೇವೆ. 3x + 4 = 7x. a ಮತ್ತು b ಕೂಡಿಸಿ ವರ್ಗ ಮಾಡಿದರೆ a² + b². 0.45 ದೊಡ್ಡದು, 0.5 ಚಿಕ್ಕದು. ಮಲೆನಾಡಿನ ಯಾವ ಶಾಲೆಗೆ ಹೋದರೂ ಇವೇ ಸಿಗುತ್ತವೆ, ಬಯಲುಸೀಮೆಗೆ ಹೋದರೂ ಇವೇ. ಅಂದರೆ ಇವು ಅಜಾಗರೂಕತೆಯ ತಪ್ಪುಗಳಲ್ಲ. ಪ್ರತಿಯೊಂದರ ಹಿಂದೆ ಒಂದು ತರ್ಕ ಇದೆ. 45 ದೊಡ್ಡದು, 5 ಚಿಕ್ಕದು ಅನ್ನೋದು ಪೂರ್ಣ ಸಂಖ್ಯೆಗಳ ಕಾಲದಿಂದ ಆ ಮಗುವಿಗೆ ಸರಿಯಾಗಿಯೇ ಕೆಲಸ ಮಾಡಿದ ತಿಳಿವಳಿಕೆ.

ಇನ್ನು ಮೂರನೆಯದು. ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಒಂದು ಮಗುವಿನ ಜೊತೆ ಒಂದು ಪೀರಿಯಡ್ ಕೂತು, ಲೆಕ್ಕ ಕೊಟ್ಟು, "ಹೇಗೆ ಮಾಡಿದೆ, ನಂಗೂ ಹೇಳು" ಅಂತ ಕೇಳುವುದು. ನಿಯಮ ಸರಳ, ಪಾಲಿಸುವುದು ಕಷ್ಟ. ತಿದ್ದಬಾರದು. ಮುಖ ಸಿಂಡರಿಸಬಾರದು. ಸರಿ ಉತ್ತರ ಬಂದರೂ "ಹೇಗೆ?" ಅಂತ ಕೇಳಬೇಕು, ಇಲ್ಲದಿದ್ದರೆ "ಹೇಗೆ" ಅಂದರೆ ತಪ್ಪಾಗಿದೆ ಅಂತ ಮಗುವಿಗೆ ಗೊತ್ತಾಗಿಬಿಡುತ್ತದೆ. ಕಲಿಸುವ ತವಕ ಇರುವವರಿಗೆ ಬಾಯಿ ಮುಚ್ಚಿಕೊಂಡು ಕೂರುವುದು ನಿಜಕ್ಕೂ ಶಿಕ್ಷೆ.

ಹೊಸನಗರದ ಕಡೆಯ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗ 1/2 + 1/3 = 2/5 ಅಂತ ಬರೆದಿದ್ದ. ನಮ್ಮ ಪ್ರಶಿಕ್ಷಣಾರ್ಥಿ ಪಕ್ಕದಲ್ಲಿ ಕೂತು ಯಾಕೆ ಅಂತ ಕೇಳಿದರು. ಹುಡುಗ ಸ್ವಲ್ಪವೂ ತಡವರಿಸಲಿಲ್ಲ. "ಎರಡು ಮಾರ್ಕಿಂದ್ರಲ್ಲಿ ಒಂದು ಬಂತು, ಮೂರು ಮಾರ್ಕಿಂದ್ರಲ್ಲಿ ಒಂದು ಬಂತು. ಐದಕ್ಕೆ ಎರಡು ಅಲ್ವಾ ಸಾರ್?" ಅಂದ.

ಪ್ರಶಿಕ್ಷಣಾರ್ಥಿ ನನ್ನ ಮುಖ ನೋಡಿದರು. ಹುಡುಗ ಹೇಳಿದ್ದರಲ್ಲಿ ತಪ್ಪೇ ಇಲ್ಲ! ಮಾರ್ಕ್ಸ್ ಕೂಡಿಸುವುದು ಹಾಗೇ. ಪ್ರತಿ ಪರೀಕ್ಷೆಯಲ್ಲೂ ನಾವೇ ಅವನ ಉತ್ತರಪತ್ರಿಕೆಯ ಮೇಲೆ ಹಾಗೆ ಕೂಡಿಸಿ ತೋರಿಸಿದ್ದೇವೆ. ಲಸಾಅ ತೆಗೆಯುವ ವಿಧಾನವನ್ನು ಅವನಿಗೆ ಇನ್ನೊಮ್ಮೆ ಹೇಳಿದ್ದರೆ ಆ ದಿನಕ್ಕೆ ಸರಿ ಮಾಡುತ್ತಿದ್ದ, ವಾರದಲ್ಲಿ ಮತ್ತೆ ಹಳೇ ದಾರಿಗೆ ಬರುತ್ತಿದ್ದ.

ಆ ಸಂಜೆ ನಾವೆಲ್ಲ ಕೂತು ಮಾತಾಡಿದ್ದು ಇದೊಂದೇ ವಿಷಯ. ಮಾರ್ಕ್ಸಿನಲ್ಲಿ ಪ್ರತಿ ಪ್ರಶ್ನೆಗೂ ಅದರದ್ದೇ ಪೂರ್ಣ ಇದೆ, ಕೂಡಿಸುವಾಗ ಆ ಪೂರ್ಣಗಳೂ ಕೂಡುತ್ತವೆ. ಭಿನ್ನರಾಶಿ ಕೂಡಿಸುವಾಗ ಎರಡೂ ಒಂದೇ ಪೂರ್ಣದ ಭಾಗಗಳು. ಈ ವ್ಯತ್ಯಾಸ ಹುಡುಗನಿಗೆ ಕಾಣಿಸಬೇಕು. ಮರುದಿನ ಪ್ರಶಿಕ್ಷಣಾರ್ಥಿ ಗ್ರಾಫ್ ಹಾಳೆಯಿಂದ 30 ಮನೆಗಳ ಒಂದು ಪಟ್ಟಿ ಕತ್ತರಿಸಿಕೊಂಡು ಹೋದರು. ಇದರ ಅರ್ಧಕ್ಕೆ ಬಣ್ಣ ಹಚ್ಚು ಅಂದರು, 15 ಮನೆ ಆಯಿತು. ಮೂರನೇ ಒಂದು ಭಾಗ, ಇನ್ನೂ 10. ಈಗ ಇದೇ ಪಟ್ಟಿಯ ಐದನೇ ಎರಡು ಭಾಗ ಎಷ್ಟು? ಹುಡುಗ ಎಣಿಸಿ 12 ಅಂದ. ಬಣ್ಣ ಹಚ್ಚಿದ 25 ಮನೆಗಳನ್ನು ಮತ್ತೆ ಎಣಿಸಿದ. "ಅರ್ಧಕ್ಕೆ ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೆಂಗಾಗುತ್ತೆ?" ಅಂತ ಅವನೇ ಕೇಳಿದ. ಆ ಪ್ರಶ್ನೆ ಮಗುವಿನ ಬಾಯಿಂದ ಬರಬೇಕು. ಶಿಕ್ಷಕರು ಕೇಳಿದರೆ ಅದಕ್ಕೆ ಅಷ್ಟು ಬಲ ಇರುವುದಿಲ್ಲ.

ಇಂಥ ಮಾತುಕತೆ ಆದ ಮೇಲೆ ಪಾಠ ಯೋಜನೆ ತಾನಾಗಿ ಬದಲಾಗುತ್ತದೆ. ಈಗ ಹೆಚ್ಚಿನ ಕಡೆ 5ಇ ಮಾದರಿಯಲ್ಲಿ ಬರೆಸುತ್ತೇವೆ, ತೊಡಗಿಸುವುದರಿಂದ ಮೌಲ್ಯಮಾಪನದವರೆಗೆ, ಇಂಗ್ಲಿಷಿನಲ್ಲಿ 'ಇ' ಅಕ್ಷರದಿಂದ ಶುರುವಾಗುವ ಐದು ಹಂತ. ನಾನು ಅದಕ್ಕೆ ಒಂದು ಪುಟ ಸೇರಿಸಿದ್ದೇನೆ: ನಾನು ಕೇಳುವ ಮುಖ್ಯ ಪ್ರಶ್ನೆಗೆ ಮಕ್ಕಳು ಏನೇನು ಹೇಳಬಹುದು, ಒಂದೊಂದಕ್ಕೂ ಆಮೇಲೆ ನಾನೇನು ಕೇಳುತ್ತೇನೆ. ಆ ಪುಟ ಖಾಲಿ ಇದ್ದರೆ ಸಹಿ ಹಾಕುವುದಿಲ್ಲ. ಉಳಿದ ರೆಕಾರ್ಡುಗಳು ನಿಯಮಕ್ಕೆ ಬೇಕಾದಷ್ಟೇ ಇರಲಿ ಅನ್ನುವವಳು ನಾನು. ರಾತ್ರಿಯೆಲ್ಲ ಬಣ್ಣದ ಪೆನ್ನಿನಲ್ಲಿ ಬಾರ್ಡರ್ ಎಳೆದು ಬೆಳಿಗ್ಗೆ ನಿದ್ದೆಗಣ್ಣಲ್ಲಿ ಪಾಠ ಮಾಡುವುದು ಮಕ್ಕಳಿಗೂ ನ್ಯಾಯ ಅಲ್ಲ.

ನಮ್ಮೂರ ಕಡೆಯ ಲೆಕ್ಕಗಳನ್ನು ಬಳಸಿ ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಲೆಕ್ಕದಲ್ಲಿ ಮಾವಿನಹಣ್ಣು ತೆಗೆದು ಅಡಿಕೆ ಹಾಕಿದರೆ ಆಗಲಿಲ್ಲ. ತೀರ್ಥಹಳ್ಳಿ ಹತ್ತಿರದ ಶಾಲೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಒಂದು ಲೆಕ್ಕ ಹೇಳುತ್ತೇನೆ. ಅಡಿಕೆ ಗಿಡ ಒಂಬತ್ತು ಅಡಿಗೆ ಒಂದರಂತೆ ನೆಡುತ್ತಾರೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ನಲವತ್ತು ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಎಕರೆಗೆ ಎಷ್ಟು ಗಿಡ?

ಪಾಠ ಮಾಡಿದ ಪ್ರಶಿಕ್ಷಣಾರ್ಥಿ ಬಯಲುಸೀಮೆಯವರು, ತೋಟದ ಅಭ್ಯಾಸ ಇಲ್ಲ. 43,560ನ್ನು 81ರಿಂದ ಭಾಗಿಸಿ ಸುಮಾರು 537 ಅಂತ ಇಟ್ಟುಕೊಂಡಿದ್ದರು. ಒಂದು ಗುಂಪಿನ ಮಕ್ಕಳು ಗುಂಟೆಯ ಚಿತ್ರ ಬರೆದರು. ಅಂಚಿನಿಂದ ಶುರುಮಾಡಿ 0, 9, 18, 27 ಅಡಿಗೆ ಒಂದೊಂದು, ಸಾಲಿಗೆ ನಾಲ್ಕು ಗಿಡ, ನಾಲ್ಕು ಸಾಲು, ಒಟ್ಟು 16. ನಲವತ್ತು ಗುಂಟೆಗೆ 640! ನೂರಕ್ಕೂ ಜಾಸ್ತಿ ವ್ಯತ್ಯಾಸ. ಎರಡೂ ಲೆಕ್ಕ ನೋಡಲು ಸರಿಯಾಗೇ ಇವೆ.

ಪ್ರಶಿಕ್ಷಣಾರ್ಥಿ ಉತ್ತರ ಹೇಳಲಿಲ್ಲ. ಯಾವುದು ಸರಿ ಅಂತ ಕ್ಲಾಸನ್ನೇ ಕೇಳಿ ಕಾದರು. ತೋಟದ ಮನೆಯ ಹುಡುಗಿಯೊಬ್ಬಳು ಎದ್ದು, "ಈ ಗುಂಟೆಯ ಕಡೇ ಗಿಡಕ್ಕೂ ಪಕ್ಕದ ಗುಂಟೆಯ ಮೊದಲ ಗಿಡಕ್ಕೂ ಆರೇ ಅಡಿ ಆಗ್ತದೆ, ಹಾಗೆ ಯಾರೂ ನೆಡಲ್ಲ" ಅಂದಳು. 27ರಿಂದ 33ಕ್ಕೆ ಆರು. ಅಲ್ಲಿಂದ ಗಿಡಗಳ ಸಂಖ್ಯೆಗೂ ಅಂತರಗಳ ಸಂಖ್ಯೆಗೂ ಒಂದರ ವ್ಯತ್ಯಾಸ ಯಾಕೆ ಅನ್ನುವ ಮಾತು ಬಂತು. ಹತ್ತನೇ ತರಗತಿಯ ಸಮಾಂತರ ಶ್ರೇಢಿಯಲ್ಲಿ n − 1 ಯಾಕೆ ಬರುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಗೊತ್ತಿಲ್ಲ.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಮಳೆಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಜುಲೈನಲ್ಲಿ ಯಾವತ್ತು ರಜೆ ಘೋಷಿಸುತ್ತಾರೆ ಹೇಳಲಾಗದು. ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ಎರಡನೇ ಬೆಂಚಿಗೂ ಮಾತು ಕೇಳುವುದಿಲ್ಲ. ಅದಕ್ಕೇ ಮಗುವಿನ ಜೊತೆ ಕೂತು ಮಾತಾಡುವ ಕೆಲಸವನ್ನು ಸಾಧ್ಯವಾದಷ್ಟೂ ದಸರಾ ರಜೆ ಮುಗಿದ ಮೇಲೆ ಇಟ್ಟುಕೊಳ್ಳುತ್ತೇನೆ. ಮಳೆಗಾಲದಲ್ಲಿ ಪಾಠ ಇದ್ದರೆ ಮಾತಿಲ್ಲದೆ ನಡೆಯುವ ಒಂದು ಚಟುವಟಿಕೆ ಕೈಯಲ್ಲಿರಲೇಬೇಕು, ಗುಂಪಿಗೊಂದು ಚೀಟಿ, ಉತ್ತರ ಬೋರ್ಡಿನ ಮೇಲೆ. ನೆರಳು ಅಳೆದು ಎತ್ತರ ಕಂಡುಹಿಡಿಯುವ ಪಾಠ ಆಗ ಆಗುವುದಿಲ್ಲ, ಬಿಸಿಲೇ ಇಲ್ಲ. ಕೋನಮಾಪಕಕ್ಕೆ ದಾರ, ದಾರಕ್ಕೆ ಕಲ್ಲು ಕಟ್ಟಿ ಧ್ವಜಸ್ತಂಭ ಅಳೆಸುತ್ತೇವೆ. 45 ಡಿಗ್ರಿ ಕಾಣುವಲ್ಲಿ ನಿಂತರೆ ಕಂಬಕ್ಕೆ ಇರುವ ದೂರಕ್ಕೆ ಕಣ್ಣಿನ ಎತ್ತರ ಸೇರಿಸಿದರೆ ಆಯಿತು. ಅಡಿಕೆ ಸುಲಿಯುವ ಕಾಲದಲ್ಲಿ ಮಕ್ಕಳು ರಾತ್ರಿ ತಡವಾಗಿ ಮಲಗಿ ಬಂದಿರುತ್ತಾರೆ. ಮೊದಲ ಪೀರಿಯಡ್‌ನಲ್ಲಿ ತೂಕಡಿಸುವ ಮಗುವನ್ನು ಸೋಮಾರಿ ಅಂತ ಬರೆಯುವ ಮುಂಚೆ ಮನೆಯಲ್ಲಿ ಏನು ನಡೆಯುತ್ತಿದೆ ಕೇಳಿ ಅಂತ ನಮ್ಮವರಿಗೆ ಮೊದಲೇ ಹೇಳಿರುತ್ತೇನೆ.

ಶಾಲೆಯ ಗಣಿತ ಶಿಕ್ಷಕರ ಸಹಕಾರ ಇಲ್ಲದೆ ಇದ್ಯಾವುದೂ ನಡೆಯುವುದಿಲ್ಲ. ಅವರ ತಲೆಯ ಮೇಲೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಕೂತಿರುತ್ತದೆ. ವರ್ಷದ ಕೊನೆಯಲ್ಲಿ ಹತ್ತನೇ ತರಗತಿಯನ್ನು ಹೊಸಬರ ಕೈಗೆ ಕೊಡಿ ಅಂತ ಕೇಳುವುದು ನ್ಯಾಯವಲ್ಲ. ಎಂಟು, ಒಂಬತ್ತು ನಮಗೆ ಸಾಕು. ಬದಲಿಗೆ ನಾವು ಅವರಿಗೆ ಏನಾದರೂ ಕೊಡಬೇಕು. ನೋಟ್‌ಬುಕ್‌ಗಳಲ್ಲಿ ಸಿಕ್ಕ ತಪ್ಪುಗಳನ್ನು ಪಾಠವಾರು ಜೋಡಿಸಿ, ಹಿಂದಿನ ಕಾರಣ ಬರೆದು ಅವರಿಗೆ ಒಪ್ಪಿಸುತ್ತೇವೆ. ಪರಿಹಾರ ಬೋಧನೆಗೆ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಒಬ್ಬ ಹಿರಿಯ ಮೇಷ್ಟ್ರು ಆ ಹಾಳೆ ನೋಡಿ, "ಇದನ್ನ ಜೂನಲ್ಲೇ ಕೊಡಿ ಮೇಡಂ, ನವೆಂಬರಲ್ಲಿ ಕೊಟ್ರೆ ಎಂತ ಮಾಡೋದು?" ಅಂದರು. ಅವರ ಮಾತು ಸರಿ. ಹಿಂದಿನ ತಂಡದ ಪಟ್ಟಿಯನ್ನು ಶಾಲೆ ಶುರುವಾಗುವಾಗಲೇ ತಲುಪಿಸುವುದು ಈಗ ರೂಢಿ.

ಪಾಠ ನೋಡಿದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ, "ಇವತ್ತು ಯಾವ ಮಗು ಏನು ಹೇಳಿತು?" ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಅನ್ನುವ ಮಾತು ಆಮೇಲೆ. ನಾಲ್ವರು ಸೇರಿ ಒಂದು ಪಾಠ ಕಟ್ಟಿ, ಒಬ್ಬರು ಮಾಡಿ, ಉಳಿದ ಮೂವರು ಮಕ್ಕಳನ್ನೇ ನೋಡುವುದನ್ನೂ ಮಾಡಿಸುತ್ತೇನೆ. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಬಹಳ ಕಾಲದಿಂದ ಹೀಗೆ ಮಾಡುತ್ತಾ ಬಂದಿದ್ದಾರೆ. ನಮ್ಮ ಸಣ್ಣ ಶಾಲೆಗಳಲ್ಲಿ ತರಗತಿಗೆ ಒಂದೇ ವಿಭಾಗ ಇರುವುದರಿಂದ ತಿದ್ದಿದ ಪಾಠವನ್ನು ಇನ್ನೊಂದು ಊರಿನ ಶಾಲೆಗೆ ಒಯ್ಯಬೇಕಾಗುತ್ತದೆ. ಬಸ್ಸಿನ ಸಮಯ ಹೊಂದಿದರೆ ಅದೂ ಆಗುತ್ತದೆ.

ನೀವು ಇದನ್ನು ಶುರು ಮಾಡುವುದಾದರೆ ಎಂಟನೇ ತರಗತಿಯ ಭಾಗಲಬ್ಧ ಸಂಖ್ಯೆಗಳಿಂದ ಶುರು ಮಾಡಿ. ಬಿ.ಇ.ಓ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ ಪತ್ರ ಮುಂಚೆಯೇ ಕೈಯಲ್ಲಿರಲಿ, ಹೆಡ್‌ಮಾಸ್ತರರ ಹತ್ತಿರ ಖುದ್ದಾಗಿ ಹೋಗಿ ಮಾತಾಡಿ. ಮಗುವಿನ ಜೊತೆ ಕೂರುವ ಜಾಗ ಸ್ಟಾಫ್ ರೂಮ್ ಆಗದಿರಲಿ, ಅಲ್ಲಿ ಮಕ್ಕಳು ಬಾಯಿ ಬಿಡುವುದಿಲ್ಲ. ಜಗಲಿ ಸಾಕು. ಒಂದು ಹಾಳೆ, ಎರಡು ಪೆನ್ಸಿಲ್ ಇರಲಿ, ರಬ್ಬರ್ ಮಾತ್ರ ಬೇಡ. ಅಳಿಸಿಹೋದ ಸಾಲಿನಲ್ಲೇ ನಮಗೆ ಬೇಕಾದ ಯೋಚನೆ ಇರುತ್ತದೆ.