ಮುಳಿಮಾಡಿಗೆ ಬೆಂಕಿ ಬಿದ್ದರೆ: ಹಿಂದಿನವರ ಕ್ರಮ

ಕಾಸರಗೋಡಿನ ಹಳ್ಳಿಗಳಲ್ಲಿ ಮುಳಿಹುಲ್ಲಿನ ಮಾಡುಗಳಿದ್ದ, ಅಂದರೆ ಹುಲ್ಲು ಹೊದಿಸಿದ ಚಾವಣಿಗಳಿದ್ದ ಕಾಲಕ್ಕೆ ಬೆಂಕಿ ಆರಿಸುವವರು ನೆರೆಕರೆಯವರೇ. ಈಗಲಾದರೆ ಮೊದಲು 101ಕ್ಕೆ ಫೋನ್. ಆಗ ಕೂಗು ಕೇಳಿದವರು ಕೊಡಪಾನ, ಏಣಿ, ದೋಟಿ (ತುದಿಗೆ ಕೊಕ್ಕೆಯಿರುವ ಉದ್ದ ಕೋಲು) ಹಿಡಿದೇ ಓಡಬೇಕಿತ್ತು.

ಮೊದಲು ಜನ, ಆಮೇಲೆ ಹಟ್ಟಿಯ ದನಗಳು. ಗಂಟು ಬಿಚ್ಚುತ್ತ ನಿಲ್ಲದೆ ಹಗ್ಗವನ್ನು ಕತ್ತಿಯಿಂದ ಕಡಿಯಬೇಕು. ಬಿಟ್ಟ ದನ ಹೆದರಿ ಮತ್ತೆ ಹಟ್ಟಿಗೇ ನುಗ್ಗುತ್ತದೆ. ಗಾಳಿ ಬರುವ ದಿಕ್ಕಿನ ತೋಟದಲ್ಲಿ ದೂರ ಕಟ್ಟಬೇಕು.

ಬಾವಿಯಿಂದ ಮನೆಯವರೆಗೆ ಎರಡು ಸಾಲು. ಒಂದರಲ್ಲಿ ತುಂಬಿದ ಕೊಡ, ಇನ್ನೊಂದರಲ್ಲಿ ಖಾಲಿ ಕೊಡ. ಮೂರು ಅಡಿಗೊಬ್ಬರಂತೆ ನಿಂತರೆ 90 ಅಡಿಗೆ ಸಾಲೊಂದಕ್ಕೆ ಸುಮಾರು 30 ಜನ ಬೇಕು. ಕೊಡ ಮುಕ್ಕಾಲು ತುಂಬಿದರೆ ಸಾಕು, ಕಂಠದವರೆಗೆ ತುಂಬಿದ್ದು ದಾರಿಯಲ್ಲೇ ಚೆಲ್ಲುತ್ತದೆ. ರಾಟೆಯ ಹತ್ತಿರ ಗಟ್ಟಿಗರು ಸರದಿಯಲ್ಲಿ ನಿಲ್ಲಬೇಕು. ಅಲ್ಲಿ ಕೈ ಸೋತರೆ ಇಡೀ ಸಾಲೇ ನಿಲ್ಲುತ್ತದೆ.

ಹೆಚ್ಚಿನವರು ತಪ್ಪುವುದು ನೀರೆರಚುವಲ್ಲಿ. ಮುಳಿಮಾಡು ಇರುವುದೇ ನೀರು ಜಾರಿಸಲಿಕ್ಕೆ. ಮೇಲಿನಿಂದ ಸುರಿದದ್ದು ಇಳಿದುಹೋಗುತ್ತದೆ, ಒಳಪದರ ಉರಿಯುತ್ತಲೇ ಇರುತ್ತದೆ. ಆದ್ದರಿಂದ ದೋಟಿಯ ಕೊಕ್ಕೆಯಿಂದ ಹುಲ್ಲನ್ನು ಕೆಳಗೆಳೆದು, ನೆಲದಲ್ಲಿ ಹರಡಿ ನೀರು ಹಾಕಬೇಕು. ಗಾಳಿ ಹೋಗುವ ಕಡೆ, ಜ್ವಾಲೆ ತಲುಪುವ ಮೊದಲೇ ನಾಲ್ಕೈದು ಅಡಿ ಮಾಡು ಕಿತ್ತು ಬರಿದು ಮಾಡಬೇಕು. ಪಕ್ಕದ ಮಾಡಿನ ಮೇಲೆ ಒದ್ದೆ ಗೋಣಿ ಹಾಸಿ ಒಬ್ಬರು ಕಿಡಿ ಕಾಯಬೇಕು. ಕ್ರಿ.ಶ. 6ರಲ್ಲಿ ರೋಮಿನಲ್ಲಿ ಅಗಸ್ಟಸ್ ಕಟ್ಟಿದ ಬೆಂಕಿಪಡೆಯ ಕೈಯಲ್ಲಿದ್ದದ್ದೂ ಕೊಕ್ಕೆ, ಕೊಡಲಿ, ಬಕೆಟ್ಟು, ನೆನೆಸಿದ ಕಂಬಳಿಗಳೇ.

ಉರಿ ಆರಿದ ಮೇಲೂ ಬಿದಿರಿನ ಟೊಳ್ಳಿನಲ್ಲಿ, ಪಕ್ಕಾಸಿನ (ಮಾಡನ್ನು ಹೊರುವ ಮರದ ತೊಲೆಯ) ತುದಿಯಲ್ಲಿ ಕೆಂಡ ಉಳಿದಿರುತ್ತದೆ. ಬೂದಿ ಕೆದಕಿ ನೀರು ಹಾಕುತ್ತ ಇಬ್ಬರು ಬೆಳಗಿನವರೆಗೆ ಕಾವಲಿರಬೇಕು.