ಅಪಾಯದ ಮರ ತೆಗೆಸಬೇಕಾ? ಮೊದಲು ಅದು ಯಾರ ಮರ ಅಂತ ನೋಡಿ

ಜೂನ್ ಮೊದಲ ವಾರ ಬಂತೆಂದರೆ ಕೊಡಗಿನ ನಮ್ಮ ಪಂಚಾಯಿತಿ ಕಚೇರಿಯಲ್ಲಿ ಒದ್ದೆ ಕೊಡೆಗಳ ಜೊತೆ ಅರ್ಜಿಗಳೂ ರಾಶಿ ಬೀಳುತ್ತವೆ. 'ನಮ್ಮ ಮನೆ ಹತ್ತಿರದ ಮರ ಬೀಳುವ ಸ್ಥಿತಿಯಲ್ಲಿದೆ, ದಯವಿಟ್ಟು ಕಡಿಸಿಕೊಡಿ.' ಅಷ್ಟೇ. ಯಾವ ಮರ, ಎಲ್ಲಿದೆ, ಯಾರ ಜಾಗ, ಏನೂ ಇಲ್ಲ. ಜೋರು ಮಳೆಯ ಕಕ್ಕಡ ತಿಂಗಳು ಕಳೆದು ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬ ಬಂದರೂ ಆ ಅರ್ಜಿ ಫೈಲಿನಲ್ಲೇ ಇರುತ್ತದೆ.

'ಒಂದು ಮರ ಕಡಿಸೋಕೆ ಪಂಚಾಯಿತಿಗೆ ಆಗಲ್ವಾ?' ಅಂತ ಜನ ಬೈಯುತ್ತಾರೆ. ಸುಮ್ನೆ ಕಡಿಸೋಕೆ ನಿಜವಾಗಿಯೂ ಆಗುವುದಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಊರಿನ ರಸ್ತೆಯ ಹೊಣೆಯನ್ನು ಪಂಚಾಯಿತಿ ಹೆಗಲಿಗೆ ಹಾಕಿದೆ. ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಗರಗಸ ಇಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ಪಂಚಾಯಿತಿ ಜಾಗದ ಮರಕ್ಕೂ ಇದೇ ಮಾತು. ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ನಮಗೆ ಅನುಕೂಲದ ವಿಷಯವೂ ಅದೇ ಕಾಯ್ದೆಯಲ್ಲಿದೆ. ಮರ ಒಣಗಿದ್ದರೆ, ರೋಗ ಬಂದಿದ್ದರೆ ಅಥವಾ ಜೀವಕ್ಕೋ ಆಸ್ತಿಗೋ ಅಪಾಯ ಇದ್ದರೆ ಅನುಮತಿ ನಿರಾಕರಿಸಬಾರದು ಎಂದು 8ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಅಪಾಯ ಇದೆ ಎಂದು ತೋರಿಸುವುದೇ ನಿಮ್ಮ ಕೆಲಸ.

ಮೊದಲು ಬುಡ ನೋಡಿ. ಮರ ವಾಲಿದೆ ಅಂದ ಮಾತ್ರಕ್ಕೆ ಬೀಳುವುದಿಲ್ಲ, ನಮ್ಮ ಬಾಣೆಗಳಲ್ಲಿ (ಗದ್ದೆಗೆ ಸೇರಿದ, ಮರಗಳಿರುವ ಎತ್ತರದ ಜಾಗ) ಅರ್ಧ ಮರಗಳು ವಾಲಿಯೇ ಬೆಳೆದಿವೆ. ವಾಲಿದ ಕಡೆಗೆ ಎದುರು ಬದಿಯ ಮಣ್ಣು ಬಿರುಕು ಬಿಟ್ಟಿದೆಯಾ? ಬುಡದಲ್ಲಿ ಅಣಬೆ ಎದ್ದಿದೆಯಾ? ಕತ್ತಿಯ ಹಿಂಬದಿಯಿಂದ ಬಡಿದರೆ ಟೊಳ್ಳು ಸದ್ದು ಬರುತ್ತದೆಯಾ? ರಸ್ತೆ ಅಗಲ ಮಾಡಲು ಜೆಸಿಬಿ ಬರೆಯನ್ನು, ಅಂದರೆ ರಸ್ತೆ ಬದಿಯ ಮಣ್ಣಿನ ದಿಣ್ಣೆಯನ್ನು ಕೊರೆದು ಬೇರು ಗಾಳಿಯಲ್ಲಿ ನೇತಾಡುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಇವುಗಳಲ್ಲಿ ಕಂಡಿದ್ದರ ಫೋಟೊ ತೆಗೆದಿಡಿ.

ಈಗ ಜನ ಎಡವುವ ಜಾಗಕ್ಕೆ ಬರೋಣ: ಅದು ಯಾರ ಮರ?

ಎರಡು ವರ್ಷದ ಹಿಂದೆ ನಮ್ಮೂರಿನ ಬಸ್ ತಂಗುದಾಣದ ಪಕ್ಕದ ನಂದಿ ಮರಕ್ಕೆ ನಾವೇ ಅರ್ಜಿ ಬರೆದೆವು. ಒಂದು ಕಚೇರಿಯವರು 'ರಸ್ತೆ ನಮ್ಮದಲ್ಲ' ಅಂದರು. ಎರಡನೆಯವರು 'ರಸ್ತೆ ನಮ್ಮದೇ, ಮರ ನಮ್ಮದಲ್ಲ' ಅಂದರು. ಮೂರನೇ ಕಚೇರಿಯಿಂದ ಅರ್ಜಿ ಮೊದಲಿನ ಕಚೇರಿಗೇ ವಾಪಸ್ ಬಂತು. ಕೊನೆಗೆ ಟೇಪು ಹಿಡಿದು ಅಳೆದರೆ ಬುಡ ತೋಟದ ಗಡಿಯಿಂದ ಎರಡಡಿ ಒಳಗಿತ್ತು. ತೋಟದ ಯಜಮಾನರನ್ನು ಅಲ್ಲಿಯವರೆಗೆ ಯಾರೂ ಕೇಳಿಯೇ ಇರಲಿಲ್ಲ! ಒಂದು ಮಳೆಗಾಲ ಹಾಗೇ ಹೋಯಿತು.

ಹಾಗಾಗಿ ಹೀಗೆ ಮಾಡಿ. ಕೊಂಬೆ ಎಲ್ಲಿಗೆ ಚಾಚಿದೆ ಎಂಬುದು ಮುಖ್ಯವಲ್ಲ, ಬುಡ ಎಲ್ಲಿ ನೆಲ ಮುಟ್ಟಿದೆ ಎಂಬುದೇ ಲೆಕ್ಕ. ರಸ್ತೆಯ ನಡುವಿನಿಂದ ಬುಡಕ್ಕೆ ಎಷ್ಟು ಅಡಿ ಎಂದು ಅಳೆದು ಬರೆದುಕೊಳ್ಳಿ. ಆಮೇಲೆ ರಸ್ತೆ ಯಾರದ್ದು ನೋಡಿ. ಮೈಲಿಗಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಮಡಿಕೇರಿ-ಸಂಪಾಜೆ ರಸ್ತೆಯ ಹಾಗೆ. ಹಸಿರಿದ್ದರೆ ರಾಜ್ಯ ಹೆದ್ದಾರಿ, ಅದಕ್ಕೆ ಲೋಕೋಪಯೋಗಿ ಇಲಾಖೆ. ಒಳರಸ್ತೆ ಸಾಮಾನ್ಯವಾಗಿ ಪಂಚಾಯಿತಿಯದ್ದು. ಕರೆಂಟ್ ತಂತಿಗೆ ತಾಗಿದ್ದರೆ ಅರ್ಜಿಗೆ ಕಾಯದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಬುಡ ರಸ್ತೆಯಿಂದ ಆಚೆ ಇದ್ದರೆ ಸರ್ವೆ ನಂಬರ್ ಬೇಕು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಬುಡದ ಹತ್ತಿರ ನಿಂತರೆ ನಂಬರ್ ತೋರಿಸುತ್ತದೆ. ಅದನ್ನು ಕಣ್ಣುಮುಚ್ಚಿ ನಂಬಬೇಡಿ. ದಟ್ಟ ಮರಗಳ ಕೆಳಗೆ ಜಿಪಿಎಸ್ ನಾಲ್ಕು ಹೆಜ್ಜೆ ಆಚೀಚೆ ಹೋಗುತ್ತದೆ, ಗಡಿ ಮರಕ್ಕೆ ನಾಲ್ಕು ಹೆಜ್ಜೆ ಅಂದರೆ ಬೇರೆಯವರ ತೋಟ. ಸರ್ವೆ ಕಲ್ಲು ಹುಡುಕಿ, ಪಕ್ಕದ ಮನೆಯ ಹಿರಿಯರನ್ನು ಕೇಳಿ. ನಂತರ ಪಹಣಿ ತೆಗೆಸಿ 9ನೇ ಕಾಲಂನಲ್ಲಿ ಹೆಸರು ನೋಡಿ. ಜಮ್ಮ ಬಾಣೆಯಾದರೆ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಬಾಣೆಯಾದರೆ, ಅಲ್ಲಿ ಅಜ್ಜನ ಕಾಲದ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರೇ ಇರಬಹುದು. ಆಗ ಕುಟುಂಬದ ಎಲ್ಲ ಪಾಲುದಾರರ ಒಪ್ಪಿಗೆ ಪತ್ರ ಮೊದಲೇ ಮಾಡಿಸಿಟ್ಟರೆ ಒಳ್ಳೆಯದು. ಜಾಗ ರಿಡೀಮ್ಡ್ ಹೌದೋ ಅಲ್ಲವೋ ಅದನ್ನೂ ಕೇಳಿ. ಅನ್‌ರಿಡೀಮ್ಡ್ ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿಲ್ಲ ಅಂತ. ಜಾಗ ನಿಮ್ಮದಾದರೂ ಮರದ ಮೇಲೆ ಸರ್ಕಾರದ ಹಕ್ಕು ಇರುತ್ತದೆ. ಬೀಟೆ, ತೇಗ, ಶ್ರೀಗಂಧ ಇದ್ದರಂತೂ ಬಾಯಿಮಾತಿನ ಭರವಸೆ ನಂಬಿ ಕೈ ಹಾಕಲೇಬೇಡಿ.

ಇಷ್ಟಾದ ಮೇಲೆ ಅರ್ಜಿ ಬರೆಯುವುದು ಹತ್ತು ನಿಮಿಷದ ಕೆಲಸ. ಮರದ ಜಾತಿ, ಎದೆಮಟ್ಟದಲ್ಲಿ ಸುತ್ತಳತೆ, ಸರ್ವೆ ನಂಬರ್, ರಸ್ತೆಯಿಂದ ದೂರ, ಬಿದ್ದರೆ ಏನಾಗುತ್ತದೆ. 'ಈ ದಾರಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ಶಾಲಾ ಮಕ್ಕಳು ಬಸ್ಸಿಗೆ ಕಾಯುತ್ತಾರೆ' ಎಂಬ ಒಂದು ಸಾಲು ಒಂದು ಪುಟ ಗೋಳಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಮರದ ಮಾಲೀಕರ ಅರ್ಜಿ ವಲಯ ಅರಣ್ಯಾಧಿಕಾರಿ ಕಚೇರಿಗೆ, ಅದರ ಒಂದು ಪ್ರತಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ). ಪಂಚಾಯಿತಿ ಮರವಾದರೆ ಅರ್ಜಿ ಪಿಡಿಒಗೆ, ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಿರ್ಣಯ ಬರೆಸಿ. ಹತ್ತು ಕಚೇರಿಗೆ ಪ್ರತಿ ಕಳಿಸುವ ಚಟ ಬಿಡಿ. ಹತ್ತು ಜನರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂತ ಕೂರುತ್ತಾರೆ.

ಅರ್ಜಿ ಕೊಡುವ ಕಾಲ ಫೆಬ್ರುವರಿ. ಕಾಫಿ ಕುಯ್ಲು ಮುಗಿದು ಹೂಮಳೆಗೆ ಕಾಯುವ ಹೊತ್ತು, ಆಗ ಮರ ಹತ್ತುವವರೂ ಸಿಗುತ್ತಾರೆ.

ಸೀಲು ಹಾಕಿದ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. 'ನನ್ನ ಅರ್ಜಿಯ ಟಿಪ್ಪಣಿ ಹಾಳೆಯ ನಕಲು ಕೊಡಿ' ಅಂದರೆ ಸಾಕು.

ಮರದ ಯಜಮಾನರು ಒಪ್ಪದಿದ್ದರೆ? ಜಗಳ ಬೇಡ. ಬಿದ್ದು ಜನರಿಗೆ ಪೆಟ್ಟಾಗುವಂತಿರುವ ಮರವನ್ನು ತೆಗೆಸಲು ಆದೇಶ ಕೊಡುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಇದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಸೆಕ್ಷನ್, 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್. ತಹಶೀಲ್ದಾರರ ಕಚೇರಿಯಲ್ಲಿ ಈ ನಂಬರ್ ಹೇಳಿ ಅರ್ಜಿ ಕೊಡಿ.

ಅಡ್ಡದಾರಿ ಹೇಳಿಕೊಡುವವರು ಬಹಳ. ರಾತ್ರಿ ಕುಯ್ದು ಬೆಳಿಗ್ಗೆ 'ಗಾಳಿಗೆ ಬಿತ್ತು' ಅನ್ನುವುದು ಒಂದು. ಕುಯ್ದ ಬುಡ ಹಲಗೆಯ ಹಾಗೆ ನುಣ್ಣಗೆ ಇರುತ್ತದೆ, ಫಾರೆಸ್ಟ್ ಗಾರ್ಡ್‌ಗೆ ಕಣ್ಣಿಲ್ವಾ? ಸುತ್ತ ತೊಗಟೆ ಸುಲಿದು ಒಣಗಿಸುವುದು ಇನ್ನೂ ಕೆಟ್ಟದ್ದು. ಒಣಗಿದ ಮರ ಯಾವ ದಿನ, ಯಾವ ಕಡೆಗೆ ಮುರಿಯುತ್ತದೆ ಅಂತ ಹೇಳಲಾಗದು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಚೈನ್ ಸಾ ತಂದು ಸ್ವಂತ ಪ್ರಯೋಗ ಮಾಡುವವರಿಗೆ ಹೇಳುವುದು ಇಷ್ಟೇ: ಅದು ಕೊಡೆ ಮರದ ರೆಂಬೆಗೂ ಸಾಲದು.

ಇಡೀ ಮರ ತೆಗೆಯಲೇಬೇಕಾ ಎಂದೂ ಕೇಳಿಕೊಳ್ಳಿ. ಬುಡ ಗಟ್ಟಿ ಇದ್ದರೆ ಮರಗಸಿಯ (ಕಾಫಿ ತೋಟದ ನೆರಳಿನ ಮರದ ಕೊಂಬೆ ಸವರುವುದು) ಹಾಗೆ ಭಾರದ ಕೊಂಬೆ ಇಳಿಸಿದರೆ ಸಾಕು, ಅದನ್ನೂ ಕೇಳಿಯೇ ಮಾಡಿ. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡ ಮೇಲೆ ಇಳಿಜಾರಿನ ಮರ ಕಡಿಯಲು ನನಗಂತೂ ಮನಸ್ಸು ಬರುವುದಿಲ್ಲ. ಕಡಿಯಲೇಬೇಕಾಗಿ ಬಂದರೆ ಬರೆಯ ಮೇಲಿನ ಬುಡವನ್ನು ಜೆಸಿಬಿ ತಂದು ಕೀಳಿಸಬೇಡಿ. ಬೇರು ಮಣ್ಣಲ್ಲೇ ಇರಲಿ. ಬದಲಿ ಗಿಡ ನೆಡಲು ಅನುಮತಿ ಪತ್ರದಲ್ಲಿ ಷರತ್ತು ಇದ್ದರೆ ರಸ್ತೆಯಿಂದ ದೂರ ನೆಡಿ, ತಂತಿಯ ಕೆಳಗೆ ಬೇಡ.