ಚೆಂಡು ಹೊಡೆದ ಮೇಲೆ ಬೇಸ್ ನೋಡಿ ಓಡಿ

ಧಾರವಾಡದ ನಮ್ಮ ಶಾಲೆಯ ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುವಾಗ ನಾನು ಮೊದಲು ತಿದ್ದುವುದು ಕಣ್ಣನ್ನು. ಚೆಂಡು ಎಲ್ಲಿ ಹೋಯಿತೆಂದು ನೋಡುತ್ತಾ ನಿಂತರೆ ಔಟಾದಂತೆಯೇ. ಚೆಂಡು ಹೊಡೆದವಳು ಓಡಿ ಮುಟ್ಟಬೇಕಾದ ಮೊದಲ ಬೇಸ್ (ನೆಲದ ಮೇಲಿನ ಚೌಕದ ಗುರುತು) ಇರುವುದು 60 ಅಡಿ ದೂರದಲ್ಲಿ. ಇಷ್ಟು ಗಿಡ್ಡ ಓಟದಲ್ಲಿ ಆರಂಭದ ಹೆಜ್ಜೆಗಳೇ ಮುಖ್ಯ. ಬಲಗೈ ಬ್ಯಾಟರ್ ಬೀಸಿ ಮುಗಿಸಿದಾಗ ಭಾರ ಎಡಗಾಲಿನ ಮೇಲಿರುತ್ತದೆ. ಆ ಕಾಲನ್ನು ನೆಲಕ್ಕೆ ಒತ್ತಿ, ಹಿಂದಿನ ಬಲಗಾಲನ್ನು ನೇರವಾಗಿ ಬೇಸಿನ ಕಡೆ ಇಡಲಿ. ಮೈ ಮುಂದಕ್ಕೆ ಬಾಗಿರಲಿ, ಹೆಜ್ಜೆ ಚಿಕ್ಕದಿರಲಿ.

ಬೇಸ್ ಹತ್ತಿರವಾದಂತೆ ಮಕ್ಕಳು ವೇಗ ತಗ್ಗಿಸುತ್ತಾರೆ. ನನಗೆ ಸಂಕಟವಾಗುವುದೇ ಇಲ್ಲಿ! ಮೊದಲ ಬೇಸನ್ನು ದಾಟಿ ಓಡಲು ನಿಯಮವೇ ಅವಕಾಶ ಕೊಟ್ಟಿದೆ. ಬೇಸಿನಿಂದ ಐದಾರು ಹೆಜ್ಜೆ ಆಚೆ ಒಂದು ಕೋನ್ ಇಟ್ಟು, ಅಲ್ಲಿಯವರೆಗೂ ಪೂರ್ಣ ವೇಗದಲ್ಲಿ ಓಡಿಸಿ. ಕೊನೆಯಲ್ಲಿ ಜಿಗಿಯಬಾರದು, ಬೇಸಿನ ಮುಂದಿನ ಅಂಚು ತುಳಿದರೆ ಸಾಕು. ಎರೆಮಣ್ಣು ಹಸಿಯಿರುವ ದಿನ ಮಾತ್ರ ಈ ಅಭ್ಯಾಸ ಬೇಡ. ಮಣ್ಣು ಬೂಟಿಗೆ ಮೆತ್ತಿ ಕಾಲು ಜಾರುತ್ತದೆ.